ಲಾಯ್ಟೆನ್ 1757: ಆರಡಿ ಮೇಜಿನ ಮೇಲೆ ಓರೆ ದಾಳಿ ಕೂರುತ್ತಿಲ್ಲ, ಎಲ್ಲಿ ತಪ್ಪು?

ಮೂರುಸಾಲು

ಎಲ್ಲರಿಗೂ ನಮಸ್ಕಾರ. ಏಳು ವರ್ಷಗಳ ಯುದ್ಧದ ಲಾಯ್ಟೆನ್ ಕದನವನ್ನು ದಾಳ ಹಾಕಿ ಆಡುವ ಯುದ್ಧದಾಟವಾಗಿ, 6 ಎಂಎಂ ಎತ್ತರದ ಸಿಪಾಯಿ ಗೊಂಬೆಗಳಲ್ಲಿ, 6×4 ಅಡಿ ಮೇಜಿನ ಮೇಲೆ ಆಡಿಸಬೇಕು. 1757ರ ಡಿಸೆಂಬರ್ 5ರಂದು ಪ್ರಷ್ಯದ ಎರಡನೇ ಫ್ರೆಡ್ರಿಕ್‌ನ ಹತ್ತಿರ ಇದ್ದದ್ದು ಮೂವತ್ತೈದು ಸಾವಿರದ ಆಸುಪಾಸು ಜನ. ಎದುರಿಗೆ ಲೊರೇನಿನ ಚಾರ್ಲ್ಸ್ ಮತ್ತು ಡೌನ್ ಅವರ ಆಸ್ಟ್ರಿಯನ್ ಸೈನ್ಯ ಹತ್ತಿರ ಹತ್ತಿರ ಅದರ ಎರಡರಷ್ಟು. ಆದರೂ ಪ್ರಷ್ಯನ್ನರು ಇಡೀ ಸಾಲಿಗೆ ಎದುರು ನಿಲ್ಲದೆ ಓರೆಯಾಗಿ ಅದರ ಎಡತುದಿಯ ಮೇಲೆ ಬಿದ್ದು, ಅಲ್ಲಿಂದ ಹಿಡಿದು ಚಾಪೆ ಸುತ್ತಿದ ಹಾಗೆ ಸುತ್ತಿಬಿಟ್ಟರು. ಓರೆ ದಾಳಿ ಅಂದರೆ ಇದೇ.

ಮೇಜಿನ ಮೇಲೆ ಅದು ಆಗುತ್ತಿಲ್ಲ. ಮೊದಲನೆಯದು, ಮೆಟ್ಟಿಲು ಮೆಟ್ಟಿಲಾಗಿ (ಒಂದೊಂದು ತುಕಡಿ ಪಕ್ಕದ್ದಕ್ಕಿಂತ ತುಸು ಹಿಂದೆ) ಇಟ್ಟ ಪ್ರಷ್ಯನ್ ಸಾಲು ಮೂರನೇ ಸರದಿಗೆಲ್ಲ ಹರಿದು ಚೂರಾಗಿ, ಒಂದೊಂದು ಬೆಟಾಲಿಯನ್ (ಕಾಲ್ದಳದ ತುಕಡಿ) ತನ್ನಷ್ಟಕ್ಕೆ ತಾನು ಹೊಡೆದಾಡುತ್ತಿರುತ್ತದೆ. ಎರಡನೆಯದು, ಆಸ್ಟ್ರಿಯನ್ ಆಟಗಾರ ಮೊದಲ ಸರದಿಯಲ್ಲೇ ಮೀಸಲು ಪಡೆಯನ್ನು ಎಡಕ್ಕೆ ತಂದು ನಿಲ್ಲಿಸುತ್ತಾನೆ, ದಾಳಿ ಎಲ್ಲಿ ಬರುತ್ತದೆಂದು ಅವನಿಗೆ ಮೊದಲೇ ಗೊತ್ತು. ಮೂರನೆಯದು, ಮೇಜಿನ ಮೇಲೆ ಜಾಗವೇ ಸಾಲುತ್ತಿಲ್ಲ. ಈಗ ಒಂದು ಬೇಸ್ (ಗೊಂಬೆಗಳನ್ನು ಅಂಟಿಸುವ ಚಪ್ಪಟೆ ತುಂಡು) ಅಂದರೆ ಒಂದು ಬೆಟಾಲಿಯನ್, 4 ಸೆಂ.ಮೀ. ಅಗಲ. ಅಳತೆ, ನಿಯಮ, ನೆಲ, ಯಾವುದರಲ್ಲಿ ಕೈ ಹಾಕಬೇಕು?

ಅರೆಗಾವುದ

ಮೊದಲು ಅಳತೆ ಸರಿಮಾಡಿಕೊಳ್ಳಿ ಸರ್. ಉಳಿದ ಎರಡು ತೊಂದರೆಯಲ್ಲಿ ಅರ್ಧ ಅಲ್ಲೇ ಕರಗುತ್ತವೆ.

ಯುದ್ಧಕ್ಕೆ ನಿಂತ ಬೆಟಾಲಿಯನ್ನಿನಲ್ಲಿ 650 ಜನ ಎಂದು ಹಿಡಿಯಿರಿ. ಮೂರು ಸಾಲಿಗೆ ಹಂಚಿದರೆ ಸುಮಾರು 217 ಜನದ ಅಗಲ. ಮೊಣಕೈಗೆ ಮೊಣಕೈ ತಾಗುವ ಹಾಗೆ ನಿಂತವನಿಗೆ 55ರಿಂದ 60 ಸೆಂ.ಮೀ. ಬೇಕು. ಅಲ್ಲಿಗೆ 120ರಿಂದ 130 ಮೀಟರ್. ಪಕ್ಕದ ಬೆಟಾಲಿಯನ್ನಿನ ನಡುವಿನ ಸಂದು ಸೇರಿಸಿ 150 ಮೀಟರ್ ಅನ್ನಿ. ಎರಡು ಬೆಟಾಲಿಯನ್ನಿನ ರೆಜಿಮೆಂಟ್ 300 ಮೀಟರ್.

ಈಗ 1 ಸೆಂ.ಮೀ.ಗೆ 50 ಮೀಟರ್ ಎಂದು ಇಟ್ಟುಕೊಳ್ಳಿ. ಒಂದು ರೆಜಿಮೆಂಟಿಗೆ ಒಂದೇ ಬೇಸ್, 6 ಸೆಂ.ಮೀ. ಅಗಲ. ನಿಮ್ಮ ಮೇಜು 9 ಕಿ.ಮೀ. ಉದ್ದ, 6 ಕಿ.ಮೀ. ಅಗಲದ ನೆಲವಾಗುತ್ತದೆ. ಲೆಕ್ಕ ತಾಳೆ ನೋಡೋಣ: ಆಸ್ಟ್ರಿಯನ್ನರ ಕಡೆ 84ರ ಆಸುಪಾಸು ಬೆಟಾಲಿಯನ್, ಅಂದರೆ 42 ಬೇಸ್, ಒಟ್ಟು 252 ಸೆಂ.ಮೀ. ಎರಡು ಸಾಲಿಗೆ ಹಂಚಿದರೆ 126 ಸೆಂ.ಮೀ., ನೆಲದ ಮೇಲೆ 6.3 ಕಿ.ಮೀ. ಎರಡೂ ತುದಿಗೆ ಕುದುರೆದಳ ಸೇರಿಸಿ. ಅವರ ಸಾಲು ನಿಜಕ್ಕೂ ಉತ್ತರದ ನಿಪ್ಪೆರ್ನ್‌ನಿಂದ ದಕ್ಷಿಣದ ಸಾಗ್‌ಶ್ಯುಟ್ಸ್‌ವರೆಗೆ ಸುಮಾರು 8 ಕಿ.ಮೀ. ಹಬ್ಬಿತ್ತು. ಇಷ್ಟು ಹತ್ತಿರ ಬಂತೆಂದರೆ ಅಳತೆ ಸರಿಯಿದೆ ಎಂದೇ ಅರ್ಥ.

ಕುದುರೆದಳಕ್ಕೂ ಇದೇ ಬೇಸ್ ನಡೆಯುತ್ತದೆ. ಐದು ಸ್ಕ್ವಾಡ್ರನ್ನಿನ (ಕುದುರೆದಳದ ತುಕಡಿ) ಕ್ಯುರಾಸಿಯರ್ ರೆಜಿಮೆಂಟ್, ಅಂದರೆ ಭಾರಿ ಕುದುರೆದಳ, ಒಂದೊಂದಕ್ಕೆ 50 ಮೀಟರ್ ಮತ್ತು ಸಂದುಗಳು ಸೇರಿ ಅದೂ 300 ಮೀಟರ್ ಹತ್ತಿರ ಬರುತ್ತದೆ. ಪ್ರಷ್ಯನ್ ಹುಸಾರ್ (ಹಗುರ ಕುದುರೆದಳ) ರೆಜಿಮೆಂಟಿಗೆ ಹತ್ತು ಸ್ಕ್ವಾಡ್ರನ್, ಅದಕ್ಕೆ ಎರಡು ಬೇಸ್.

ಇನ್ನೊಂದು ಮಾತು. 8 ಕಿ.ಮೀ. ಸಾಲನ್ನು 9 ಕಿ.ಮೀ. ಮೇಜಿನ ಮೇಲೆ ಪೂರ್ತಿ ಇಟ್ಟರೆ ಪ್ರಷ್ಯನ್ನರು ದಕ್ಷಿಣದಿಂದ ಬರಲು ಜಾಗವಿರುವುದಿಲ್ಲ. ನಿಪ್ಪೆರ್ನ್ ಮೇಜಿನ ಹೊರಗೇ ಹೋಗಲಿ. ಉತ್ತರದ ಅಂಚನ್ನು ಫ್ರೋಬೆಲ್‌ವಿಟ್ಸ್ ಊರು ದಾಟಿದ ಕೂಡಲೇ ಕತ್ತರಿಸಿ, ಅದರಾಚೆಯ ಪಡೆಗಳನ್ನು ಅಂಚಿನಿಂದ ಒಳಬರುವ ಮೀಸಲು ಎಂದು ಇಟ್ಟುಕೊಳ್ಳಿ. ಹೊಡೆದಾಟ ನಡೆದದ್ದು ಸಾಗ್‌ಶ್ಯುಟ್ಸ್‌ನಿಂದ ಲಾಯ್ಟೆನ್ ಊರಿನವರೆಗೆ. ಜಾಗ ಅಲ್ಲಿಗೆ ಸಿಗಲಿ.

ಬಿಳಿಕೋಟು

ಬೇಸಿನ ಅಗಲ ಒಪ್ಪಿದೆ. ಆಳ ಎಷ್ಟು? ಮೂರು ಸಾಲು ಜನ ನಿಂತರೆ ನಾಲ್ಕೈದು ಮೀಟರ್ ಆಳ, ಅಳತೆಯಲ್ಲಿ 1 ಮಿ.ಮೀ. ಅದರಲ್ಲಿ ಗೊಂಬೆ ನಿಲ್ಲುವುದಿಲ್ಲ.

ಅರೆಗಾವುದ

ಆಳದಲ್ಲಿ ಸುಳ್ಳು ಹೇಳಲೇಬೇಕು. ಎಷ್ಟು ಹೇಳಬಹುದು ಎನ್ನುವುದಕ್ಕೆ ಮಿತಿ ಇದೆ. ಮೊದಲ ಸಾಲಿಗೂ ಎರಡನೇ ಸಾಲಿಗೂ ಅಂತರ ಸುಮಾರು 300 ಹೆಜ್ಜೆ, ಅಂದರೆ 220 ಮೀಟರ್, ನಮ್ಮ ಅಳತೆಯಲ್ಲಿ 4.5 ಸೆಂ.ಮೀ. ಬೇಸಿನ ಆಳ ಇದಕ್ಕಿಂತ ಕಡಿಮೆ ಇರಬೇಕು, ಇಲ್ಲದಿದ್ದರೆ ಎರಡನೇ ಸಾಲು ನಿಲ್ಲಲು ಜಾಗವಿಲ್ಲದೆ ಎಲ್ಲ ಹಿಂದಕ್ಕೆ ತಳ್ಳಿಕೊಂಡು ಹೋಗುತ್ತದೆ. 3 ಸೆಂ.ಮೀ. ಇಡಿ. ಹಿಂದೆ ಒಂದೂವರೆ ಸೆಂ.ಮೀ. ಉಳಿಯುತ್ತದೆ, ಬೆರಳು ಹಾಕಿ ಬೇಸ್ ಎತ್ತುವುದಕ್ಕೂ ಅಷ್ಟು ಬೇಕು.

ಅಂತರ ಅಳೆಯುವಾಗ ಮಾತ್ರ ಯಾವಾಗಲೂ ಬೇಸಿನ ಮುಂದಿನ ಅಂಚಿನಿಂದ ಮುಂದಿನ ಅಂಚಿಗೆ ಅಳೆಯಿರಿ. ಹಿಂದಿನ ಅಂಚು ನಕಲಿ ನೆಲ.

ಓಲೆಗಾರ

ಮೆಟ್ಟಿಲು ಸಾಲು ಯಾಕೆ ಹರಿಯುತ್ತದೆ ಎನ್ನುವುದಕ್ಕೆ ಬರುತ್ತೇನೆ. ಇದು ಈ ಕಾಲದ ಯುದ್ಧದ ಮೂಲ ವಿಷಯ, ಬಹಳ ನಿಯಮಗಳು ಇದನ್ನೇ ಬಿಟ್ಟಿರುತ್ತವೆ.

ಪ್ರಷ್ಯನ್ನರು ಆ ದಿನ ಬೋರ್ನೆ ಊರಿನ ಕಡೆಯಿಂದ ಗುಡ್ಡಗಳ ಮರೆಯಲ್ಲಿ ಬಲಕ್ಕೆ ನಡೆದದ್ದು ಪೆಲೋಟನ್‌ಗಳ ಕಾಲಂ ಕಟ್ಟಿಕೊಂಡು. ಒಂದು ಬೆಟಾಲಿಯನ್ನಿಗೆ ಎಂಟು ಪೆಲೋಟನ್. ಒಂದರ ಹಿಂದೆ ಒಂದು ನಡೆಯುವಾಗ ನಡುವಿನ ಅಂತರ ಆ ಪೆಲೋಟನ್ನಿನ ಅಗಲದಷ್ಟೇ ಇರಬೇಕು. ಜಾಗ ತಲುಪಿದ ಮೇಲೆ ಪ್ರತಿ ಪೆಲೋಟನ್ ಕಾಲು ಸುತ್ತು ತಿರುಗಿದರೆ ಬಾಗಿಲ ಪಟ್ಟಿಗಳು ಒಟ್ಟಿಗೆ ಮುಚ್ಚಿದ ಹಾಗೆ ಕೆಲವೇ ನಿಮಿಷದಲ್ಲಿ ಇಡೀ ಸಾಲು ಸಿದ್ಧ. ಅಂದರೆ ಕಾಲಂನ ಉದ್ದ, ಮುಂದೆ ನಿಲ್ಲುವ ಸಾಲಿನ ಅಗಲ, ಎರಡೂ ಒಂದೇ. ನಡುವೆ ಅಂತರ ಹಿಗ್ಗಿದರೆ ಸಾಲಿನಲ್ಲಿ ತೂತು, ಕುಗ್ಗಿದರೆ ತಿರುಗಲು ಜಾಗವಿಲ್ಲ. ಅದಕ್ಕೇ ಪ್ರಷ್ಯನ್ನರು ವರ್ಷಗಟ್ಟಲೆ ಹೆಜ್ಜೆ ಅಳೆದು ಅಭ್ಯಾಸ ಮಾಡಿದ್ದು, ನಿಮಿಷಕ್ಕೆ 75 ಹೆಜ್ಜೆ.

ಇದರಿಂದ ಮೇಜಿಗೆ ಬರುವ ನಿಯಮ ಎರಡು. ಕಾಲಂನಲ್ಲಿ ಇರುವಾಗ ಪಕ್ಕಕ್ಕೆ ಹೋಗುವುದು ಸುಲಭ, ವೇಗವೂ ಹೆಚ್ಚು. ಸಾಲು ಬಿಚ್ಚಿದ ಮೇಲೆ ಪಕ್ಕಕ್ಕೆ ಹೋಗುವುದು ಇಲ್ಲವೇ ಇಲ್ಲ, ತಿರುಗುವುದಕ್ಕೆ ಭಾರಿ ದಂಡ. ನಿಮ್ಮ ನಿಯಮದಲ್ಲಿ ಸಾಲಿನಲ್ಲಿರುವ ಬೇಸ್ ಒಂದು ಸರದಿಯಲ್ಲಿ ಎಷ್ಟು ಡಿಗ್ರಿ ಬೇಕಾದರೂ ತಿರುಗಬಹುದು ಎಂದಿದ್ದರೆ, ಓರೆ ದಾಳಿಯ ಅಗತ್ಯವೇ ಇರುವುದಿಲ್ಲ. ಅತ್ತಲಿನವನೂ ಅಷ್ಟೇ ಸಲೀಸಾಗಿ ತಿರುಗಿ ಎದುರು ನಿಲ್ಲುತ್ತಾನೆ.

20 ಬೆಟಾಲಿಯನ್ನಿನ ಸಾಲು 3 ಕಿ.ಮೀ. ಅದನ್ನು ಒಂದು ತುದಿ ಹಿಡಿದು ಬಾಗಿಲಿನ ಹಾಗೆ ತಿರುಗಿಸಲು ಯಾರಿಂದಲೂ ಆಗದು. ಹೊರತುದಿಯವರು ಕಿಲೋಮೀಟರುಗಟ್ಟಲೆ ನಡೆಯಬೇಕು, ನಡುವೆ ಸಾಲು ಬಿಲ್ಲಿನ ಹಾಗೆ ಬಾಗುತ್ತದೆ. ಅದಕ್ಕೆ ಉತ್ತರವೇ ಮೆಟ್ಟಿಲು. ಪ್ರತಿ ಬೆಟಾಲಿಯನ್ ತನ್ನ ಬಲಗಡೆಯದಕ್ಕಿಂತ 50 ಹೆಜ್ಜೆ ಹಿಂದೆ. ಎಲ್ಲರೂ ನೇರ ಮುಂದಕ್ಕೇ ನಡೆಯುತ್ತಾರೆ, ಯಾರೂ ತಿರುಗುವುದಿಲ್ಲ. 20 ಬೆಟಾಲಿಯನ್ನಿಗೆ ಕೊನೆಯದು ಮೊದಲನೆಯದಕ್ಕಿಂತ ಸುಮಾರು 1,000 ಹೆಜ್ಜೆ ಹಿಂದೆ ಬೀಳುತ್ತದೆ. ಎಡತುದಿ ಶತ್ರುವಿನ ಗುಂಡಿಗೆ ಸಿಗದೆ ಉಳಿದದ್ದು, ಬೇಕಾದಾಗ ತಾಜಾ ಪಡೆಯಾಗಿ ಸಿಕ್ಕಿದ್ದು ಹೀಗೆ.

ನಿಮ್ಮ ಅಳತೆಯಲ್ಲಿ ಒಂದು ಬೇಸಿಗೆ ಎರಡು ಬೆಟಾಲಿಯನ್, ಹಾಗಾಗಿ ಮೆಟ್ಟಿಲು 100 ಹೆಜ್ಜೆ, ಸುಮಾರು 73 ಮೀಟರ್, ಅಂದರೆ 1.5 ಸೆಂ.ಮೀ. ರಟ್ಟಿನಲ್ಲಿ 1.5 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿಟ್ಟುಕೊಳ್ಳಿ. ಬಲಗಡೆಯ ಬೇಸನ್ನು ಮೊದಲು ಸರಿಸಿ, ಪಟ್ಟಿಯನ್ನು ಅದರ ಮುಂದಿನ ಅಂಚಿಗೆ ಸಮಕ್ಕೆ ಹಿಡಿದು, ಮುಂದಿನ ಬೇಸನ್ನು ಪಟ್ಟಿಯ ಹಿಂಬದಿಗೆ ತಾಗಿಸಿ. ಹೀಗೆ ಬಲದಿಂದ ಎಡಕ್ಕೆ. ಪ್ರತಿ ಬೇಸನ್ನೂ ಟೇಪು ಹಿಡಿದು ಬೇರೆ ಬೇರೆ ಅಳೆಯಲು ಹೋದರೆ ತಲಾ ಎರಡು ಮಿ.ಮೀ. ತಪ್ಪಿದರೂ ಹತ್ತನೇ ಬೇಸಿಗೆ ಎರಡು ಸೆಂ.ಮೀ. ಆಗಿರುತ್ತದೆ. ನಿಮ್ಮ ಸಾಲು ಹರಿಯಲು ಅರ್ಧ ಕಾರಣ ಇದೇ ಇದ್ದೀತು.

ಉಳಿದರ್ಧ ನಿಯಮದ್ದು. ಒಂದೊಂದು ಬೇಸಿಗೂ ಬೇರೆ ಆದೇಶ ಕೊಡಲು ಬಿಡಬೇಡಿ. ಮೆಟ್ಟಿಲು ಕಟ್ಟಿದ ಇಡೀ ಸಾಲು ಒಂದು ಆದೇಶ, ಒಂದು ವೇಗ. ಮೊದಲ ಬೇಸ್ ಹೊಡೆದಾಟಕ್ಕೆ ನಿಂತರೂ ಉಳಿದವು ನಡೆಯುತ್ತಲೇ ಇರುತ್ತವೆ, ಒಂದೊಂದೇ ಬಂದು ತಾಗುತ್ತವೆ. ಸಾಲು ಬಿಟ್ಟು ಹೊರಬಂದ ಬೇಸ್ ಮತ್ತೆ ಸೇರಬೇಕಾದರೆ ಒಂದು ಪೂರ್ತಿ ಸರದಿ ನಿಲ್ಲಬೇಕು ಎಂದು ಮಾಡಿ.

ಮೂರುಸಾಲು

ರಟ್ಟಿನ ಪಟ್ಟಿ ಹೊಳೆದೇ ಇರಲಿಲ್ಲ, ಧನ್ಯವಾದ ಸರ್. ಒಂದು ಸರದಿಗೆ ಎಷ್ಟು ಸಮಯ, ಎಷ್ಟು ದೂರ?

ಓಲೆಗಾರ

20 ನಿಮಿಷ. ದಾಳಿ ಶುರುವಾದದ್ದು ಮಧ್ಯಾಹ್ನ 1ರ ಹೊತ್ತಿಗೆ. ಕದನ ನಡೆದ ಸೈಲೀಸಿಯ ಪ್ರಾಂತದಲ್ಲಿ ಡಿಸೆಂಬರಿನಲ್ಲಿ 4 ಗಂಟೆಗೆಲ್ಲ ಸೂರ್ಯ ಇರುವುದಿಲ್ಲ. ಹತ್ತರಿಂದ ಹನ್ನೆರಡು ಸರದಿ, ಅಷ್ಟೇ. ಕತ್ತಲೆ ಇಲ್ಲಿ ಎರಡೂ ಕಡೆಯ ಶತ್ರು, ಆಟದಲ್ಲಿ ಅದು ಇರಲೇಬೇಕು.

ನಿಮಿಷಕ್ಕೆ 75 ಹೆಜ್ಜೆ ಅಂದರೆ 20 ನಿಮಿಷಕ್ಕೆ ಒಂದು ಕಿಲೋಮೀಟರು ಮೀರುತ್ತದೆ. ಅದು ಕವಾಯತಿನ ಲೆಕ್ಕ. ಉತ್ತ ಹೊಲದ ಮೇಲೆ ಮೂರು ಕಿ.ಮೀ. ಸಾಲು ನಡೆಯುವಾಗ ಆಗಾಗ ನಿಂತು ಸಾಲು ನೆಟ್ಟಗೆ ಮಾಡಿಕೊಳ್ಳಬೇಕು. ಸಾಲಿಗೆ 10 ಸೆಂ.ಮೀ., ಕಾಲಂಗೆ 18 ಸೆಂ.ಮೀ., ಕುದುರೆದಳಕ್ಕೆ 30 ಸೆಂ.ಮೀ. ಇಡಿ. ಸರಾಸರಿ ತರಬೇತಿಯ ಪಡೆಗೆ ಸಾಲಿನಲ್ಲಿ 8 ಸೆಂ.ಮೀ. ಸಾಕು. ಎರಡೇ ಸೆಂ.ಮೀ. ವ್ಯತ್ಯಾಸ ಅನಿಸಬಹುದು, ಆರು ಸರದಿಗೆ 600 ಮೀಟರ್ ಅದು.

ತೋಪುಖಾನೆ

ಫಿರಂಗಿ ವಿಷಯ ಯಾರೂ ತೆಗೆದಿಲ್ಲ. ಲಾಯ್ಟೆನ್‌ನಲ್ಲಿ ಫಿರಂಗಿಯನ್ನು ಬದಿಗಿಟ್ಟು ಪ್ರಷ್ಯನ್ ಗೆಲುವು ಬರುವುದಿಲ್ಲ.

ಗ್ಲೋಗಾವ್ ಕೋಟೆಯಿಂದ ಹತ್ತು ಭಾರಿ 12 ಪೌಂಡಿನ ಫಿರಂಗಿಗಳನ್ನು ಎಳೆದು ತಂದಿದ್ದರು. ಕೋಟೆ ಗೋಡೆಯ ಮೇಲೆ ಇರಬೇಕಾದವು. ಅವುಗಳ ಗುಡುಗಿಗೆ ಸೈನಿಕರು ಇಟ್ಟ ಹೆಸರು ಬ್ರುಮ್ಮರ್, ಗುಂಯ್‌ಗುಡುವವು ಅಂತ. ನೆಲ ಹೆಪ್ಪುಗಟ್ಟಿ ಗಟ್ಟಿಯಾಗಿದ್ದರಿಂದ ಚಕ್ರ ಹೂತುಕೊಳ್ಳದೆ ಕಾಲ್ದಳದ ಹಿಂದೆಯೇ ದಿಬ್ಬದಿಂದ ದಿಬ್ಬಕ್ಕೆ ಸಾಗಿದವು. ಹದಿನೆಂಟನೇ ಶತಮಾನದಲ್ಲಿ ಇದು ಅಪರೂಪ. ಭಾರಿ ಫಿರಂಗಿ ಒಮ್ಮೆ ಇಳಿಸಿದರೆ ಸಾಮಾನ್ಯವಾಗಿ ಸಂಜೆವರೆಗೂ ಅಲ್ಲೇ.

ಹಾಗಾಗಿ ಆಸ್ಟ್ರಿಯನ್ ಭಾರಿ ಫಿರಂಗಿ ಒಮ್ಮೆ ಇಳಿಸಿದ ಮೇಲೆ ಅಲುಗುವಂತಿಲ್ಲ. ಪ್ರಷ್ಯನ್ನರ ಬ್ರುಮ್ಮರ್ ಬೇಸ್ ಎರಡು, ಸರದಿಗೆ 8 ಸೆಂ.ಮೀ. ಹೋಗಬಹುದು, ಹೋದ ಸರದಿಯಲ್ಲಿ ಹೊಡೆಯುವಂತಿಲ್ಲ. ಪರಿಣಾಮಕಾರಿ ದೂರ 900 ಮೀಟರ್, ಮೇಜಿನಲ್ಲಿ 18 ಸೆಂ.ಮೀ. ಬೆಟಾಲಿಯನ್ ಜೊತೆ ನಡೆಯುವ 3 ಮತ್ತು 6 ಪೌಂಡಿನ ಸಣ್ಣ ತುಪಾಕಿಗಳಿಗೆ ಬೇರೆ ಬೇಸ್ ಬೇಡ, ಅವು ಕಾಲ್ದಳದ ಗುಂಡಿನಲ್ಲೇ ಸೇರಿವೆ ಎಂದುಕೊಳ್ಳಿ. ಬೇರೆ ಮಾಡಿದರೆ ಮೇಜಿನ ತುಂಬ ಪುಟಾಣಿ ಬೇಸು ಚೆಲ್ಲಾಡುತ್ತವೆ, ಸರದಿಗೆ ಹತ್ತು ನಿಮಿಷ ಹೆಚ್ಚು.

ಇಡುವ ಜಾಗ ಮುಖ್ಯ. ಮೆಟ್ಟಿಲಿನ ಹಿಂದೆ ಇಟ್ಟರೆ ನಿಮ್ಮವರೇ ಅಡ್ಡ ಬರುತ್ತಾರೆ. ಮೊದಲ ಬೇಸಿನ ಹೊರಬದಿಯಲ್ಲಿ, ದಿಬ್ಬದ ಮೇಲೆ ಇಡಿ. ಅಲ್ಲಿಂದ ಆಸ್ಟ್ರಿಯನ್ ಸಾಲು ಉದ್ದುದ್ದ ಕಾಣುತ್ತದೆ. ಎದುರಿನಿಂದ ಹೊಡೆದ ಗುಂಡು ಮೂರು ಜನರ ಆಳ ದಾಟಿ ಹೋಗುತ್ತದೆ, ಪಕ್ಕದಿಂದ ಹೊಡೆದದ್ದು ಸಾಲಿನುದ್ದಕ್ಕೂ ಪುಟಿಯುತ್ತ ಹೋಗುತ್ತದೆ. ನಿಯಮದಲ್ಲಿ ಎದುರಿನಿಂದಾದರೆ ದಾಳದಲ್ಲಿ 5 ಅಥವಾ 6, ಉದ್ದುದ್ದ ಸಿಕ್ಕರೆ 4, 5, 6 ಬಿದ್ದರೆ ಪೆಟ್ಟು. ಮೂರು ದಾಳಕ್ಕೆ ಸರಾಸರಿ ಒಂದು ಪೆಟ್ಟು ಬೀಳುತ್ತಿದ್ದದ್ದು ಒಂದೂವರೆ ಆಗುತ್ತದೆ.

ಬಿಳಿಕೋಟು

ಆಸ್ಟ್ರಿಯನ್ ಆಡುವವರ ಕಷ್ಟವನ್ನೂ ಕೇಳಿ. ಎಲ್ಲ ಗೊತ್ತಿದ್ದೂ ಸುಮ್ಮನೆ ಕೂರು ಅಂದರೆ ಯಾರೂ ಎರಡನೇ ಸಲ ಮೇಜಿಗೆ ಬರುವುದಿಲ್ಲ. ಆ ದಿನ ಡೌನ್ ಮೂರ್ಖತನ ಮಾಡಲಿಲ್ಲ. ಪ್ರಷ್ಯನ್ ಮುಂಪಡೆ ಬೆಳಗ್ಗೆ ಬೋರ್ನೆಯ ಬಳಿ ಕಾಣಿಸಿಕೊಂಡು ಉತ್ತರದ ಕಡೆಗೇ ಬರುವ ಹಾಗೆ ತೋರಿಸಿತು. ಬಲತುದಿಯ ಆಸ್ಟ್ರಿಯನ್ ಸೇನಾನಿ ಲುಕ್ಕೇಸಿ ಮತ್ತೆ ಮತ್ತೆ ಸಹಾಯ ಕೇಳಿದ. ಕಣ್ಣಿಗೆ ಕಂಡದ್ದಕ್ಕೆ ಸರಿಯಾಗಿ ಮೀಸಲು ಅತ್ತ ಹೋಯಿತು. ಆಮೇಲೆ ಪ್ರಷ್ಯನ್ನರು ಗುಡ್ಡದ ಹಿಂದೆ ಮರೆಯಾದರು. ಆಟದಲ್ಲಿ ಆ ಅನುಮಾನ ಮರಳಿ ಬರಬೇಕು.

ಮೂರು ದಾರಿ ಇವೆ. ಒಂದು, ಎರಡೂ ಕಡೆ ಕದನದ ಹೆಸರನ್ನೇ ಹೇಳದೆ, ನಕ್ಷೆಯನ್ನು ಕನ್ನಡಿಯಲ್ಲಿ ತಿರುಗಿಸಿ, ಊರುಗಳ ಹೆಸರು ಬದಲಿಸಿ ಕೊಡುವುದು. ಹೊಸಬರಿಗೆ ಚೆನ್ನಾಗಿ ನಡೆಯುತ್ತದೆ. ಪಳಗಿದವರು ಊರುಗಳ ಜೋಡಣೆ ನೋಡಿಯೇ ಹಿಡಿದುಬಿಡುತ್ತಾರೆ.

ಎರಡು, ಕಾರ್ಡು. 6×3 ಸೆಂ.ಮೀ. ರಟ್ಟಿನ ಕಾರ್ಡು ಹನ್ನೆರಡು, ಅದರಲ್ಲಿ ಎಂಟು ನಿಜ, ನಾಲ್ಕು ಬರಿದು. ಒಂದೊಂದು ನಿಜ ಕಾರ್ಡಿನ ಹಿಂದೆ ಯಾವ ಯಾವ ಬೇಸುಗಳಿವೆ ಎಂಬುದು ಪ್ರಷ್ಯನ್ ಆಟಗಾರನ ಚೀಟಿಯಲ್ಲಿರುತ್ತದೆ. ಮೇಜಿನ ಪಶ್ಚಿಮದಲ್ಲಿ ಕಾರ್ಡುಗಳು ಓಡಾಡುತ್ತವೆ. ದಿಬ್ಬದ ಸಾಲಿನ ಈಚೆ ಬಂದದ್ದು, ಇಲ್ಲವೇ ಆಸ್ಟ್ರಿಯನ್ ಬೇಸಿಗೆ 20 ಸೆಂ.ಮೀ. ಒಳಗೆ ಬಂದದ್ದು ಮಾತ್ರ ಮಗುಚುತ್ತದೆ. ಪ್ರಷ್ಯನ್ನರು ನಿಜಕ್ಕೂ ಉತ್ತರಕ್ಕೆ ಹೊಡೆಯುವ ಸ್ವಾತಂತ್ರ್ಯ ಇರಲಿ. ಇಲ್ಲದಿದ್ದರೆ ಮೋಸಕ್ಕೆ ಅರ್ಥವಿಲ್ಲ.

ಮೂರು, ಮೀಸಲಿಗೆ ಬೀಗ. ಫ್ರೋಬೆಲ್‌ವಿಟ್ಸ್ ಹಿಂದಿನ ಪಡೆ ಬಿಡುಗಡೆಯಾಗಬೇಕಾದರೆ ಒಂದು ದಾಳ. ಮೊದಲ ಸರದಿಯಲ್ಲಿ 6 ಬೀಳಬೇಕು, ಎರಡನೆಯದರಲ್ಲಿ 5 ಅಥವಾ ಹೆಚ್ಚು, ಮೂರನೆಯದರಲ್ಲಿ 4, ನಾಲ್ಕನೆಯದರಲ್ಲಿ 3. ಲೆಕ್ಕ ಹಾಕಿದರೆ ಎರಡನೇ ಸರದಿಯೊಳಗೆ ಬಿಡುಗಡೆಯ ಸಾಧ್ಯತೆ ನೂರಕ್ಕೆ 44, ಮೂರರೊಳಗೆ 72, ನಾಲ್ಕರೊಳಗೆ 90ರ ಮೇಲೆ. ಅಲ್ಲಿಂದ ಲಾಯ್ಟೆನ್‌ಗೆ ಸುಮಾರು 40 ಸೆಂ.ಮೀ., ಕಾಲಂನಲ್ಲಿ ಎರಡೂವರೆ ಸರದಿ. ಐದು ಆರನೇ ಸರದಿಗೆ ಊರಿನ ಬಳಿ ಬಂದು ಸೇರುತ್ತದೆ, ಹೆಚ್ಚು ಕಡಿಮೆ ಆ ದಿನ ಆದ ಹಾಗೆಯೇ. ಎರಡನೇ ಮತ್ತು ಮೂರನೇ ದಾರಿ ಎರಡನ್ನೂ ಸೇರಿಸಿ ಆಡಿಸುವುದು ಒಳ್ಳೆಯದು.

ತೋಪುಖಾನೆ

ಇದಕ್ಕೆ ಒಂದು ಸೇರ್ಪಡೆ. ಆಸ್ಟ್ರಿಯನ್ ಎಡತುದಿಯಲ್ಲಿ ನಾದಷ್ಡಿಯ ಕೈಕೆಳಗೆ ಇದ್ದವರಲ್ಲಿ ವ್ಯುರ್ಟೆಂಬರ್ಗ್ ಮತ್ತು ಬವೇರಿಯದ ಪಡೆಗಳಿದ್ದವು. ಮೊದಲ ಏಟು ಬಿದ್ದದ್ದು ವ್ಯುರ್ಟೆಂಬರ್ಗಿನವರ ಮೇಲೆ. ಅವರನ್ನು ಹೊಡೆದಾಟಕ್ಕೆ ಮೂರು ದಾಳದ ಬದಲು ಎರಡೇ ದಾಳ ಹಾಕುವ ಪಡೆಯಾಗಿ ಇಡಿ. ಎದುರಿಗೆ ಪ್ರಷ್ಯನ್ ಸೇನಾನಿ ವೇಡೆಲ್‌ನ ಮೂರು ಬೆಟಾಲಿಯನ್, 26ನೇ ರೆಜಿಮೆಂಟಿನ ಎರಡು ಮತ್ತು 13ನೆಯದರ ಒಂದು. ಇವರಿಗೆ ನಾಲ್ಕು ದಾಳ. ಎಲ್ಲ ಪ್ರಷ್ಯನ್ನರನ್ನೂ ಅತಿಶಯದ ಪಡೆ ಮಾಡಿದರೆ ಆಟ ಕೆಡುತ್ತದೆ. ಗೆಲುವು ಬಂದದ್ದು ಸರಿಯಾದ ಜಾಗದಲ್ಲಿ ಸರಿಯಾದ ಮೂರು ಬೆಟಾಲಿಯನ್ ಮುಂದಿದ್ದದ್ದರಿಂದ.

ಕುದುರೆಲಾಳ

ಕುದುರೆದಳದ ಬಗ್ಗೆ. ಸಂಜೆ ಹೊತ್ತಿಗೆ ಲುಕ್ಕೇಸಿ ಬಲತುದಿಯ ಕುದುರೆದಳ ತೆಗೆದುಕೊಂಡು ಪ್ರಷ್ಯನ್ನರ ಎಡಪಕ್ಕೆಗೆ ಬೀಳಲು ಬಂದ. ಆ ಪಕ್ಕೆಯಲ್ಲಿ ರಾಡಾಕ್ಸ್‌ಡೊರ್ಫ್ ದಿಬ್ಬದ ಹಿಂದೆ ಪ್ರಷ್ಯನ್ ಸೇನಾನಿ ಡ್ರೀಸೆನ್ ಸುಮಾರು ನಲವತ್ತು ಸ್ಕ್ವಾಡ್ರನ್ ಇಟ್ಟುಕೊಂಡು ಕಾಣದ ಹಾಗೆ ಕೂತಿದ್ದ. ಲುಕ್ಕೇಸಿಯ ಪಕ್ಕೆಗೇ ಡ್ರೀಸೆನ್ ಬಿದ್ದ. ಲುಕ್ಕೇಸಿ ಸತ್ತ, ಅವನ ಕುದುರೆದಳ ಓಡಿತು, ಕಾಲ್ದಳದ ಬೆನ್ನು ತೆರೆದುಕೊಂಡಿತು. ಕದನ ಮುಗಿದದ್ದು ಅಲ್ಲಿ.

ಮೇಜಿನ ಮೇಲೆ ಲುಕ್ಕೇಸಿ ಆಡುವವನು ಬರುವುದೇ ಇಲ್ಲ, ದಿಬ್ಬದ ಹಿಂದೆ ಏನಿದೆ ಎಂದು ಅವನಿಗೆ ಗೊತ್ತು. ಡ್ರೀಸೆನ್‌ನನ್ನು ಕಾರ್ಡಿನ ಕೆಳಗೇ ಇಡಿ, ಅದೇ ದಿಬ್ಬದ ಹಿಂದೆ ಒಂದು ಬರಿದು ಕಾರ್ಡು, ಇನ್ನೊಂದು ದಿಬ್ಬದ ಹಿಂದೆ ಮತ್ತೊಂದು. ಆಸ್ಟ್ರಿಯನ್ನರಿಗೆ ಬರಲು ಆಸೆಯೂ ಇರಬೇಕು. ಪ್ರಷ್ಯನ್ ಮೆಟ್ಟಿಲಿನ ಎಡತುದಿಯ ಬೇಸಿಗೆ ಪಕ್ಕದಿಂದ ತಾಗಿದ ಕುದುರೆದಳಕ್ಕೆ ಎರಡು ದಾಳ ಹೆಚ್ಚು ಕೊಡಿ, ಆಗ ಬಂದೇ ಬರುತ್ತಾನೆ.

ಇನ್ನು ಕುದುರೆದಳ ಒಮ್ಮೆ ಹೊಡೆದ ಮೇಲೆ ಗೆದ್ದರೂ ಸೋತರೂ ಒಂದು ಸರದಿ ಅಸ್ತವ್ಯಸ್ತ. ಗೆದ್ದ ದಳ ಅಟ್ಟಿಸಿಕೊಂಡು ಮೇಜು ದಾಟಿ ಹೋಗದಂತೆ ಹಿಂದೆ ಒಂದು ದಳವನ್ನು ಮೀಸಲಿಡಬೇಕು. ಎಲ್ಲವನ್ನೂ ಒಂದೇ ಸಲ ಬಿಟ್ಟವನು ಎಂಟನೇ ಸರದಿಗೆ ಕೈಯಲ್ಲಿ ಏನೂ ಇಲ್ಲದೆ ನಿಂತಿರುತ್ತಾನೆ. ಬಲಗಡೆ ಪ್ರಷ್ಯನ್ನರ ತ್ಸೀಟೆನ್‌ನ ಕುದುರೆದಳಕ್ಕೂ ಇದೇ ಮಾತು.

ಸೀಸದಸಿಪಾಯಿ

ನನ್ನದು ಬೇರೆ ಅಭಿಪ್ರಾಯ. 6 ಎಂಎಂ ಬೇಸಿನಲ್ಲಿ ಬೆಟಾಲಿಯನ್ ಅನ್ನುವುದು ಬಣ್ಣದ ಪಟ್ಟಿ. ಹದಿನೆಂಟನೇ ಶತಮಾನದ ಸೊಗಸು ಬಾವುಟ, ಟೋಪಿ, ಲೇಸಿನಲ್ಲಿದೆ. 28 ಎಂಎಂ ಬಿಡಬೇಡಿ.

ಅರೆಗಾವುದ

ಸೊಗಸು ಒಪ್ಪುತ್ತೇನೆ ಅಣ್ಣ, ಜಾಗ ಒಪ್ಪುವುದಿಲ್ಲ. 28 ಎಂಎಂನಲ್ಲಿ 24 ಗೊಂಬೆಯ ಬೆಟಾಲಿಯನ್ ಎರಡು ಸಾಲಿಗೆ ನಿಂತರೆ, ಗೊಂಬೆಗೆ 15 ಮಿ.ಮೀ.ನಂತೆ 18 ಸೆಂ.ಮೀ. ಪ್ರಷ್ಯನ್ನರ 48 ಬೆಟಾಲಿಯನ್ನಿಗೆ 8.6 ಮೀಟರ್. ಕಲ್ಯಾಣ ಮಂಟಪ ಬೇಕು.

ಸೀಸದಸಿಪಾಯಿ

ಇಡೀ ಕದನ ಬೇಡ, ಚರ್ಚಿನ ಅಂಗಳ ಒಂದೇ ಆಡಿ. ಲಾಯ್ಟೆನ್ ಚರ್ಚಿನ ಸುತ್ತ ಕಲ್ಲಿನ ಗೋಡೆ, ಒಳಗೆ ರೋಟ್ ವ್ಯುರ್ಟ್ಸ್‌ಬುರ್ಗ್ ರೆಜಿಮೆಂಟ್. ಹೊರಗಿನಿಂದ ಪ್ರಷ್ಯನ್ ಗಾರ್ಡ್‌ನ ಮೂರನೇ ಬೆಟಾಲಿಯನ್ ನುಗ್ಗಿತು. ಮುಂದೆ ನಿಂತವನು ಕ್ಯಾಪ್ಟನ್ ಮ್ಯೋಲೆನ್‌ಡಾರ್ಫ್, ಮುಂದೆ ಫೀಲ್ಡ್ ಮಾರ್ಷಲ್ ಆದವನು. 4×4 ಅಡಿ ಮೇಜು, ಪ್ರಷ್ಯನ್ನರಿಗೆ ಮೂರು ಬೆಟಾಲಿಯನ್, ಆಸ್ಟ್ರಿಯನ್ನರಿಗೆ ಎರಡು ಮತ್ತು ಗೋಡೆ. ಗೋಡೆಯ ಉದ್ದವನ್ನು ಒಂದು ಬೆಟಾಲಿಯನ್ ಅಗಲಕ್ಕೆ, ಅಂದರೆ 18 ಸೆಂ.ಮೀ.ಗೆ ಕಟ್ಟಿ. ಉದ್ದ ಕಟ್ಟಿದರೆ ಒಳಗಿನವರ ಗುಂಡು ಚದುರಿ ಹೋಗುತ್ತದೆ, ಗಿಡ್ಡ ಕಟ್ಟಿದರೆ ಒಳಗೆ ಗೊಂಬೆ ಹಿಡಿಸುವುದಿಲ್ಲ. ಗೋಡೆಯನ್ನು ಏರಿ ದಾಟುವ ನಿಯಮ ಬೇಡ. ಒಂದು ಬಾಗಿಲು, ಇಲ್ಲವೇ ಬೆಟಾಲಿಯನ್ ಫಿರಂಗಿ ಎರಡು ಸರದಿ ಹೊಡೆದು ಮಾಡಿದ ಬಿರುಕು, ಒಳನುಗ್ಗಲು ಇವೆರಡೇ ದಾರಿ. ಎರಡು ಗಂಟೆಯಲ್ಲಿ ಮುಗಿಯುತ್ತದೆ.

ಮೂರುಸಾಲು

ಇದು ಪ್ರತ್ಯೇಕ ಆಟವಾಗಿ ಚೆನ್ನಾಗಿದೆ, ಖಂಡಿತ ಮಾಡುತ್ತೇವೆ. ದೊಡ್ಡ ಆಟಕ್ಕೆ 6 ಎಂಎಂ ಇಟ್ಟುಕೊಳ್ಳುತ್ತೇನೆ. ಬೇಸು ಮಾಡುವುದು, ಬಣ್ಣ, ಮೇಜಿನ ಹಾಸು, ಇದಕ್ಕೆ ಸಲಹೆ ಇದ್ದರೆ ಹೇಳಿ.

ಬಣ್ಣದಬಟ್ಟಲು

ಗೊಂಬೆಯ ಲೆಕ್ಕ ಮೊದಲು. 6 ಎಂಎಂ ಕಾಲ್ದಳ ಸಾಮಾನ್ಯವಾಗಿ ನಾಲ್ಕು ಗೊಂಬೆಯ ಪಟ್ಟಿಯಾಗಿ ಬರುತ್ತದೆ, ಪಟ್ಟಿ ಸುಮಾರು 2 ಸೆಂ.ಮೀ. ಬೇಸಿನ ಅಗಲಕ್ಕೆ ಮೂರು ಪಟ್ಟಿ, ಎರಡು ಸಾಲಿಗೆ ಆರು, ಅಂದರೆ 24 ಗೊಂಬೆ. ಎರಡೂ ಕಡೆಯ 66 ಕಾಲ್ದಳ ಬೇಸಿಗೆ 1,584. ಒಂದೇ ಸಾಲು ಇಟ್ಟರೆ ಅರ್ಧ, 792. ಒಂದೇ ಸಾಲು ನೋಡಲು ಬಡವಾಗಿ ಕಾಣುವುದಿಲ್ಲ, ಈ ಕಾಲದ ಸೈನ್ಯ ತೆಳು ಸಾಲೇ ಅಲ್ಲವೇ. ಅಲ್ಲಿಂದ ಶುರುಮಾಡಿ.

ಸೀಸದ ಗೊಂಬೆಗಳನ್ನು ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಹಳೇ ಬ್ರಷ್ ಹಾಕಿ ತೊಳೆದು ಒಣಗಿಸಿ. ಅಚ್ಚಿನ ಪುಡಿ ಉಳಿದರೆ ಬಣ್ಣ ಸಿಪ್ಪೆಯಾಗಿ ಏಳುತ್ತದೆ. ಪಟ್ಟಿಗಳನ್ನು ಐಸ್‌ಕ್ರೀಮ್ ಕಡ್ಡಿಗೆ ಅಂಟಿಸಿದರೆ ಒಂದು ಕಡ್ಡಿಗೆ ನಾಲ್ಕು ಪಟ್ಟಿ ಹಿಡಿಯುತ್ತದೆ, ಹತ್ತು ಕಡ್ಡಿ ಒಟ್ಟಿಗೆ ಹಿಡಿದು ಕೂರಿ. ಮಳೆಗಾಲದಲ್ಲಿ ಪ್ರೈಮರ್ (ಬಣ್ಣಕ್ಕೆ ಮೊದಲಿನ ಲೇಪ) ಸ್ಪ್ರೇ ಹೊಡೆಯಬೇಡಿ. ಗಾಳಿಯ ತೇವಕ್ಕೆ ಮೇಲ್ಮೈ ಪುಡಿ ಪುಡಿಯಾಗುತ್ತದೆ. ವಾರ್ನಿಷ್ ಸ್ಪ್ರೇ ಇನ್ನೂ ಮೋಸ, ಮುಗಿದ ಕೆಲಸದ ಮೇಲೆ ಬೂದಿ ಕೂತ ಹಾಗೆ ಬೆಳ್ಳಗಾಗುತ್ತದೆ. ಆ ತಿಂಗಳುಗಳಲ್ಲಿ ಎರಡನ್ನೂ ಬ್ರಷ್‌ನಲ್ಲೇ ಹಚ್ಚಿ.

ಪ್ರಷ್ಯನ್ನರಿಗೆ ಕಪ್ಪು ಪ್ರೈಮರ್, ಮೇಲೆ ಗಾಢ ನೀಲಿ. ವ್ಯಾಲೆಹೊ ಕಂಪನಿಯ ಡಾರ್ಕ್ ಪ್ರಷ್ಯನ್ ಬ್ಲೂ ಬಣ್ಣ ನಿಜವಾದ ಕೋಟಿಗೆ ಹತ್ತಿರ, ಆದರೆ 6 ಎಂಎಂನಲ್ಲಿ ಮೂರಡಿ ದೂರದಿಂದ ಅದು ಕಪ್ಪೇ. ಮೂರು ಪಾಲಿಗೆ ಒಂದು ಪಾಲು ತಿಳಿ ನೀಲಿ ಬೆರೆಸಿ. ಆಮೇಲೆ ಈ ಕ್ರಮ: ಮುಖ ಮತ್ತು ಕೈ, ಬಿಳಿ ಅಡ್ಡಪಟ್ಟಿ, ಕೋಟಿನ ಮಡಿಸಿದ ಅಂಚಿನ ಕೆಂಪು, ಬಂದೂಕಿನ ಕಂದು, ಟೋಪಿಯ ಅಂಚಿಗೆ ಒಂದು ಬಿಳಿ ಗೆರೆ. ಗ್ರೆನೇಡಿಯರ್ ಟೋಪಿಯ ಮುಂಭಾಗಕ್ಕೆ ಹಿತ್ತಾಳೆ ಅಥವಾ ಬೆಳ್ಳಿಯ ಒಂದೇ ಚುಕ್ಕೆ. ಗುಂಡಿ, ಲೇಸು ಬರೆಯಲು ಹೋಗಬೇಡಿ. ಪ್ರಷ್ಯನ್ ಡ್ರಗೂನ್‌ಗಳಿಗೆ (ಕುದುರೆದಳದ ಒಂದು ಬಗೆ) ತಿಳಿ ನೀಲಿ ಕೋಟು, ಕಾಲ್ದಳದಿಂದ ಒಂದೇ ನೋಟಕ್ಕೆ ಬೇರೆ ಕಾಣುತ್ತವೆ.

ಆಸ್ಟ್ರಿಯನ್ನರಿಗೆ ಬಿಳಿ ಪ್ರೈಮರ್, ಮೇಲೆ ತೆಳುವಾದ ಬೂದು ವಾಶ್ (ನೀರು ನೀರಾದ ಬಣ್ಣ), ಉಬ್ಬಿದ ಕಡೆ ಮತ್ತೆ ಬಿಳಿ. ಹಂಗೇರಿಯನ್ ರೆಜಿಮೆಂಟ್‌ಗಳಿಗೆ ಬಣ್ಣದ ಬಿಗಿ ಚಲ್ಲಣ ಬಿಡಿಸಿದರೆ ಸಾಲಿಗೆ ಜೀವ ಬರುತ್ತದೆ. ಹಣ ಉಳಿಸುವ ಒಂದು ಮಾತು: ವ್ಯುರ್ಟೆಂಬರ್ಗಿನವರ ಕೋಟು ಪ್ರಷ್ಯನ್ ಮಾದರಿಯದೇ ಗಾಢ ನೀಲಿ. ಪ್ರಷ್ಯನ್ ಗೊಂಬೆಗಳೇ ಸಾಕು, ಬಾವುಟ ಬದಲಿಸಿ.

ಬೇಸಿಗೆ 2 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಲೇಸರ್ ಕಟಿಂಗ್ ಅಂಗಡಿಯಲ್ಲಿ 60×30 ಮಿ.ಮೀ. ಕತ್ತರಿಸಿಕೊಡುತ್ತಾರೆ. ಮೇಲೆ ಮಾತ್ರ ಫೆವಿಕಾಲ್ ಬಳಿದು ಮರಳು ಹಾಕಿದರೆ ಒಣಗುವಾಗ ಬಿಲ್ಲಾಗುತ್ತದೆ. ಕೆಳಗೂ ನೀರು ಬೆರೆಸಿದ ಫೆವಿಕಾಲ್ ಒಂದು ಕೈ ಬಳಿಯಿರಿ, ಒಣಗಿದ ಮೇಲೆ ಮ್ಯಾಗ್ನೆಟ್ ಹಾಳೆ ಅಂಟಿಸಿ. ತಗಡಿನ ಡಬ್ಬಿಯಲ್ಲಿ ಸಾಗಿಸಬಹುದು.

ಹಾಸಿಗೆ ಫ್ಲೆಕ್ಸ್ ಪ್ರಿಂಟ್ ಅಂಗಡಿ ಸಾಕು, 6×4 ಅಡಿ ಒಂದೇ ತುಂಡು. ಮ್ಯಾಟ್ ಫಿನಿಶ್ ಎಂದು ಒತ್ತಿ ಹೇಳಿ, ಹೊಳೆಯುವುದಾದರೆ ಟ್ಯೂಬ್‌ಲೈಟಿನ ಕೆಳಗೆ ಅರ್ಧ ಮೇಜು ಕಾಣುವುದಿಲ್ಲ. ಚಿತ್ರವಿರುವ ಬದಿ ಹೊರಗೆ ಬರುವಂತೆ ಸುರುಳಿ ಮಾಡಿಡಿ, ಬಿಚ್ಚಿದಾಗ ತುದಿ ಮೇಲೇಳುವುದಿಲ್ಲ. ಆ ದಿನ ಹಿಮ ತೆಳ್ಳಗೆ ಬಿದ್ದಿತ್ತು. ಹಾಗಂತ ಪೂರ್ತಿ ಬಿಳಿ ಹಾಸು ಮಾಡಿಸಬೇಡಿ, ಬಿಳಿ ಕೋಟಿನ ಸೈನ್ಯ ಅದರೊಳಗೇ ಮಾಯ. ಕಂದು ಹೊಲ, ಸಾಲುಗಳ ನಡುವೆ ಅಲ್ಲಲ್ಲಿ ಬಿಳಿ.

ದಿಬ್ಬಕ್ಕೆ ಹಾಸಿನ ಕೆಳಗೆ 5 ಮಿ.ಮೀ. ಫೋಮ್ ಹಾಳೆ. ಅಲ್ಲಿನ ದಿಬ್ಬಗಳು ನಿಜಕ್ಕೂ ತೀರ ತಗ್ಗು, ಥರ್ಮಾಕೋಲಿನ ಬೆಟ್ಟ ಬೇಡ. ಥರ್ಮಾಕೋಲ್ ಬಳಸಲೇಬೇಕಾದರೆ ಸ್ಪ್ರೇ ಬಣ್ಣ ತಾಗಿಸಬೇಡಿ, ಕರಗಿ ಗುಳಿ ಬೀಳುತ್ತದೆ.

ಓಲೆಗಾರ

ಊರಿನ ಬಗ್ಗೆ ಒಂದು ನಿಯಮ ಬಾಕಿ. ಆಸ್ಟ್ರಿಯನ್ನರು ಇಡೀ ಸಾಲನ್ನು ಕಾಲು ಸುತ್ತು ತಿರುಗಿಸಿ ಲಾಯ್ಟೆನ್ ಊರಿಗೆ ಆತು ನಿಂತಾಗ, ಎಲ್ಲರೂ ಒಂದೇ ಕಡೆ ನುಗ್ಗಿ ಕೆಲವು ಕಡೆ ಮೂವತ್ತು, ಇನ್ನು ಕೆಲವು ಕಡೆ ಅದಕ್ಕೂ ಹೆಚ್ಚು ಆಳದ ಗುಂಪಾಯಿತು. ಹಿಂದಿನವರು ಗುಂಡು ಹಾರಿಸಲಾರರು, ಮುಂದಿನವರು ಹಿಂದೆ ಸರಿಯಲಾರರು. ಮೇಜಿನ ಮೇಲೆ ಇದಕ್ಕೆ ಹೀಗೆ ಮಾಡಿ: ಮುಂದಿನ ಬೇಸಿನ ಹಿಂದೆ 3 ಸೆಂ.ಮೀ. ಒಳಗೆ ಇನ್ನೊಂದು ಬೇಸ್ ಇದ್ದರೆ, ಮುಂದಿನದಕ್ಕೆ ಬಿದ್ದ ಪ್ರತಿ ಎರಡನೇ ಪೆಟ್ಟು ಹಿಂದಿನದಕ್ಕೂ. ಮುಂದಿನದು ಹಿಮ್ಮೆಟ್ಟಬೇಕಾದಾಗ ಜಾಗವಿಲ್ಲದಿದ್ದರೆ ಎರಡೂ ಅಸ್ತವ್ಯಸ್ತ. ಊರಿನೊಳಗೆ ಒಂದು ಬೇಸ್ ಮಾತ್ರ ಹೊಡೆದಾಡಬಹುದು, ಮನೆಯ ಮಾದರಿಗಳನ್ನು ಅಂಟಿಸದೆ ಚಪ್ಪಟೆ ಫೆಲ್ಟ್ ಬಟ್ಟೆಯ ಮೇಲೆ ಇಟ್ಟರೆ ಎತ್ತಿ ಬೇಸಿಡಲು ಸುಲಭ.

ಕುದುರೆಲಾಳ

ವಿಷಯ ಸ್ವಲ್ಪ ಪಕ್ಕಕ್ಕೆ ಹೋದರೂ ಕೇಳುತ್ತೇನೆ: ಇದೇ ಬೇಸು, ಇದೇ ಅಳತೆಯಲ್ಲಿ 1780ರ ಪೊಳ್ಳಿಲೂರು ಆಡಬಹುದೇ?

ಅರೆಗಾವುದ

ಅಳತೆ ಹೊಂದುವುದಿಲ್ಲ. ಬ್ರಿಟಿಷರ ಕಡೆಯ ಬೇಯ್ಲಿಯ ಪಡೆ ನಾಲ್ಕು ಸಾವಿರದೊಳಗೆ, ಇಲ್ಲಿ ಮೂರು ಬೇಸ್ ಕೂಡ ಆಗುವುದಿಲ್ಲ. 1 ಸೆಂ.ಮೀ.ಗೆ 10 ಮೀಟರ್ ಇಟ್ಟು, ಬೇಸ್ ಅಂದರೆ ಕಂಪನಿ ಎಂದು ಮಾಡಿ. ಹೈದರನ ಕುದುರೆದಳ, ಬಾಣದವರು (ರಾಕೆಟ್ ಹಾರಿಸುವವರು), ಸುತ್ತುವರಿದು ಕಟ್ಟಿಹಾಕುವ ಯುದ್ಧ ಅದು, ಸಾಲಿಗೆ ಸಾಲು ಎದುರು ನಿಲ್ಲುವ ನಿಯಮ ಅಲ್ಲಿ ಸುಳ್ಳಾಗುತ್ತದೆ. ಗೊಂಬೆಗಳ ಮಟ್ಟಿಗೆ ಒಂದು ನಂಟಿದೆ: 1783ರ ಕಡಲೂರಿನಲ್ಲಿ ಹ್ಯಾನೋವರ್‌ನ ಪಡೆ ಕೆಂಪು ಕೋಟಿನಲ್ಲಿ ಹೋರಾಡಿದೆ. ಏಳು ವರ್ಷಗಳ ಯುದ್ಧದ ಹ್ಯಾನೋವರ್ ಗೊಂಬೆಗಳಿದ್ದರೆ ಸಣ್ಣ ತಿದ್ದುಪಡಿಯಲ್ಲಿ ನಡೆಯುತ್ತವೆ. ಬೇರೆ ಚರ್ಚೆ ಶುರುಮಾಡಿ, ಬರುತ್ತೇನೆ.

ಮೂರುಸಾಲು

ಎಲ್ಲರದ್ದೂ ಸೇರಿಸಿ ಹೀಗೆ ಹೊಂದಿಸಿದ್ದೇನೆ. 1 ಸೆಂ.ಮೀ.ಗೆ 50 ಮೀಟರ್, ಬೇಸ್ 6×3, ಒಂದು ಸಾಲು ಗೊಂಬೆ. ಮೆಟ್ಟಿಲಿಗೆ 1.5 ಸೆಂ.ಮೀ. ಪಟ್ಟಿ, ಇಡೀ ಸಾಲಿಗೆ ಒಂದೇ ಆದೇಶ. ಕಾರ್ಡು ಹನ್ನೆರಡು, ಮೀಸಲಿಗೆ ದಾಳದ ಬೀಗ. 20 ನಿಮಿಷದ ಹನ್ನೆರಡು ಸರದಿ, ಹತ್ತನೆಯದರಿಂದ ಕಣ್ಣಿನ ದೂರ ಅರ್ಧ. ಒಂದೇ ಅನುಮಾನ: ಗೆಲುವನ್ನು ಹೇಗೆ ಅಳೆಯುವುದು? ಲಾಯ್ಟೆನ್ ಹಿಡಿದವನು ಗೆದ್ದ ಅಂದರೆ ಸಾಕೇ?

ಬಿಳಿಕೋಟು

ಸಾಲದು. ಆಸ್ಟ್ರಿಯನ್ನರ ಬೆನ್ನ ಹಿಂದೆ ಹೊಳೆ ಇದೆ, ದಾಟಲು ಲಿಸ್ಸಾ ಸೇತುವೆ. ಆ ದಿನ ಅವರು ಕಳೆದುಕೊಂಡ ಸುಮಾರು 22,000ದಲ್ಲಿ ಅರ್ಧಕ್ಕಿಂತ ಹೆಚ್ಚು ಸೆರೆಸಿಕ್ಕವರು. ಅದಕ್ಕೆ ಹೀಗೆ ಇಡಿ: ಹನ್ನೆರಡನೇ ಸರದಿಯ ಕೊನೆಗೆ ಲಾಯ್ಟೆನ್ ಪ್ರಷ್ಯನ್ ಕೈಯಲ್ಲಿದ್ದು, ಪೂರ್ವದ ಅಂಚಿನ ದಾರಿಗೆ ಅವರ ಕುದುರೆದಳ 15 ಸೆಂ.ಮೀ. ಹತ್ತಿರ ಬಂದಿದ್ದರೆ ಪೂರ್ಣ ಗೆಲುವು. ಊರು ಮಾತ್ರ ಸಿಕ್ಕರೆ ಅರ್ಧ. ಊರು ಹೋಗುವುದು ಖಚಿತ ಎನಿಸಿದಾಗ ಆಸ್ಟ್ರಿಯನ್ ಆಟಗಾರ ಒಂಬತ್ತನೇ ಸರದಿಯಿಂದಲೇ ಪಡೆಗಳನ್ನು ಸಾಲಾಗಿ ಪೂರ್ವಕ್ಕೆ ಬಿಡಿಸಿಕೊಂಡು ಹೋದರೆ, ಹೊರಹೋದ ಪ್ರತಿ ಮೂರು ಬೇಸಿಗೆ ಅವನಿಗೊಂದು ಅಂಕ. ಕೊನೆಯ ಮೂರು ಸರದಿಗೆ ಎರಡೂ ಕಡೆ ಮಾಡಲು ಕೆಲಸವಿರುತ್ತದೆ.

ಮೂರುಸಾಲು

ಸರಿ, ಹಾಗೇ ಇಡುತ್ತೇನೆ. ಕಾರ್ಡುಗಳನ್ನು ಕತ್ತರಿಸಿ ಆಯಿತು, ಎಂಡಿಎಫ್ ಅಂಗಡಿಗೆ ಅಳತೆ ಕಳಿಸಿದ್ದೇನೆ.